ಫ್ಲೋರಿಯನ್ ಝೆಲ್ಲರ್ ಅವರ 'ದಿ ಸನ್' (2022): ಫಿಲ್ಮ್ ಸೊಸೈಟಿಯಲ್ಲಿ ತೋರಿಸಬಹುದಾ? (ಕಥೆಯ ಕೊನೆ ಇಲ್ಲಿ ಬಯಲಾಗಿದೆ)

ತೆರೆಯಾಚೆ:

ಮುಂದಿನ ತಿಂಗಳು ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಝೆಲ್ಲರ್ ಅವರ ಎರಡು ಸಿನಿಮಾ ಹಾಕೋಣ ಅಂತಿದೆ. 'ದಿ ಫಾದರ್' ಬಗ್ಗೆ ಯಾರದೂ ತಕರಾರಿಲ್ಲ. 'ದಿ ಸನ್' ಹೆಸರು ಎತ್ತಿದ ಕೂಡಲೇ ಸಮಿತಿ ಎರಡು ಪಾಲಾಯಿತು. ಅಪ್ಪ ಅಮ್ಮನ ವಿಚ್ಛೇದನದ ಮೇಲೆ ಖಿನ್ನತೆಯಲ್ಲಿರೋ ಹದಿಹರೆಯದ ಮಗ, ಕೊನೆಗೆ ಅವನ ಆತ್ಮಹತ್ಯೆ, ಇದು ಅದರ ಕಥೆ. ಒಂದು ಕಡೆಯವರು ಇದು ಕಣ್ಣೀರು ತರಿಸೋಕೆ ಹೂಡಿದ ಆಟ ಅಂತಾರೆ. ಇನ್ನೊಂದು ಕಡೆಯವರು ಹದಿಹರೆಯದ ಮಕ್ಕಳಿರೋ ಅಪ್ಪ ಅಮ್ಮ ನೋಡಲೇಬೇಕು ಅಂತಾರೆ. 2022ರ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಾಗಿನಿಂದ ವಿಮರ್ಶಕರ ಕಥೆಯೂ ಇದೇ.

ತಿಳಿದವರು ಹೇಳಿ: ಈ ಭಿನ್ನಾಭಿಪ್ರಾಯ ಹುಟ್ಟೋದು ಸಿನಿಮಾದ ಯಾವ ಜಾಗದಲ್ಲಿ? ಮಗನ ಖಿನ್ನತೆ, ಆಸ್ಪತ್ರೆ ಇವನ್ನೆಲ್ಲ ತೋರಿಸಿರೋದು ಎಷ್ಟು ಸರಿ? ತೋರಿಸೋದೇ ಆದರೆ ಏನೇನು ತಯಾರಿ ಬೇಕು? ಸುಮಾರು 60 ಜನ ಬರ್ತಾರೆ, ಪಿಯುಸಿ ಹುಡುಗರೂ ಇರ್ತಾರೆ.

ಮೂರನೇಗಂಟೆ:

ಜಗಳದ ಬೇರು 'ದಿ ಫಾದರ್'ನಲ್ಲೇ ಇದೆ. ಅಲ್ಲಿ ಕ್ಯಾಮೆರಾ ಮರೆವಿನ ಕಾಯಿಲೆಯ ಮುದುಕನ ತಲೆಯೊಳಗೇ ಕೂತಿರುತ್ತೆ. ಮನೆಯ ಸಾಮಾನು, ಗೋಡೆಯ ಬಣ್ಣ ನಮಗೇ ಗೊತ್ತಾಗದ ಹಾಗೆ ಬದಲಾಗ್ತಾ ಹೋಗಿ, ಅವನ ಗಲಿಬಿಲಿ ನಮ್ಮದೂ ಆಗುತ್ತೆ. ಆಂಥನಿ ಹಾಪ್ಕಿನ್ಸ್‌ಗೆ ನಟನೆಗೆ, ಝೆಲ್ಲರ್ ಮತ್ತು ಕ್ರಿಸ್ಟೋಫರ್ ಹ್ಯಾಂಪ್ಟನ್‌ಗೆ ಚಿತ್ರಕಥೆಗೆ ಆಸ್ಕರ್ ಬಂತು. 'ದಿ ಸನ್' ಬರೆದಿದ್ದೂ ಇದೇ ಜೋಡಿ. ಛಾಯಾಗ್ರಾಹಕ ಬೆನ್ ಸ್ಮಿತಾರ್ಡ್, ಸಂಕಲನಕಾರ ಯೋರ್ಗೋಸ್ ಲಾಂಪ್ರಿನೋಸ್ ಕೂಡ ಅವರೇ. ಜನ ಅದೇ ಅನುಭವ ನಿರೀಕ್ಷಿಸಿ ಕೂತರು. ಇಲ್ಲಿ ಕ್ಯಾಮೆರಾ ಕಾಯಿಲೆಯವನ ಒಳಗೆ ಹೆಚ್ಚೂಕಡಿಮೆ ಕಾಲಿಡೋದೇ ಇಲ್ಲ. 17ರ ನಿಕೊಲಸ್‌ನನ್ನು (ಝೆನ್ ಮೆಗ್ರಾತ್) ನಾವು ಅಪ್ಪ ಪೀಟರ್‌ನ (ಹ್ಯೂ ಜಾಕ್‌ಮನ್) ಪಕ್ಕ ನಿಂತು ನೋಡ್ತೀವಿ. ಅಪ್ಪನಿಗೆ ಅರ್ಥವಾಗದ್ದು ನಮಗೂ ಅರ್ಥವಾಗಲ್ಲ. ಹುಡುಗ ಬರೀ ಅಳೋದು, "ನನಗೆ ಬದುಕೋದು ಭಾರ" ಅನ್ನೋ ಅರ್ಥದ ಮಾತಾಡೋದು, ಇಷ್ಟೇ ಆಯ್ತಲ್ಲ ಅನ್ನೋರು ಒಂದು ಗುಂಪು. ಹಾಗಿರೋದೇ ಉದ್ದೇಶ ಅನ್ನೋರು ಇನ್ನೊಂದು ಗುಂಪು. ನಾನು ಎರಡನೆಯವರ ಕಡೆ.

ಮೂಲ 2018ರಲ್ಲಿ ಪ್ಯಾರಿಸ್‌ನಲ್ಲಿ ಆಡಿದ ನಾಟಕ. ತಾಯಿ, ತಂದೆ, ಮಗ ಅನ್ನೋ ಮೂರು ನಾಟಕಗಳ ಸರಣಿಯಲ್ಲಿ ಕೊನೆಯದು. ರಂಗದ ಗುಣ ಸಿನಿಮಾಕ್ಕೂ ಅಂಟಿಕೊಂಡಿದೆ: ಒಂದು ಅಪಾರ್ಟ್‌ಮೆಂಟು, ಇಬ್ಬರು ಎದುರುಬದುರು ನಿಂತು ಮಾತು, ಬಾಗಿಲು ಮುಚ್ಚಿದರೆ ದೃಶ್ಯ ಮುಗೀತು. ಕೆಲವರಿಗೆ ಇದೇ ಬಿಗಿ ಅನ್ನಿಸಿತು, ಕೆಲವರಿಗೆ ಉಸಿರುಗಟ್ಟಿತು.

ಸದಸ್ಯರಿಗೆ ಎರಡು ದೃಶ್ಯ ಗಮನಿಸಿ ಅಂತ ಮೊದಲೇ ಹೇಳಿಡಿ. ಒಂದು, ಕುಣಿತ. ಪೀಟರ್, ಅವನ ಈಗಿನ ಸಂಗಾತಿ ಬೆತ್ (ವನೆಸ್ಸಾ ಕರ್ಬಿ), ನಿಕೊಲಸ್ ಮೂವರೂ ಹಳೇ ಪಾಪ್ ಹಾಡಿಗೆ ನಗ್ತಾ ಕುಣೀತಾರೆ. ಅಪ್ಪ ಬೇಕಂತಲೇ ಸೊಂಟ ಕುಲುಕಿಸಿ ಮಗನನ್ನು ನಗಿಸ್ತಾನೆ. ಸ್ವಲ್ಪ ಹೊತ್ತಿಗೆ ಮಗ ಆ ಸಂತೋಷದಿಂದ ಜಾರಿ ಹೊರಗೆ ನಿಂತಿರ್ತಾನೆ, ಕಿವಿಗೆ ಬೀಳೋ ಸಂಗೀತವೂ ಬದಲಾಗುತ್ತೆ. ಇನ್ನಿಬ್ಬರು ಕುಣೀತಲೇ ಇರ್ತಾರೆ. ಇಡೀ ಸಿನಿಮಾದಲ್ಲಿ ಹುಡುಗನ ಒಳಗನ್ನು ತೋರಿಸೋ ಜಾಗ ಅಂದರೆ ಇದೊಂದೇ, ಅದೂ ಒಂದು ಮಾತಿಲ್ಲದೆ.

ಎರಡು, ಹಾಪ್ಕಿನ್ಸ್ ಪೀಟರ್‌ನ ಅಪ್ಪನಾಗಿ ಬರೋ ಒಂದೇ ಒಂದು ದೃಶ್ಯ. ಊಟದ ಮೇಜಿನಲ್ಲಿ ಐವತ್ತರ ಮಗ ಹಳೇ ನೋವು ತೆಗೆದರೆ, ಮುದುಕ ಅದನ್ನು ಕೊಡವಿಕೊಂಡು ಹೋಗು ಅಂತ ಕೆಟ್ಟದಾಗಿ ಬೈತಾನೆ. ಆಮೇಲೆ ಪೀಟರ್ ನಿಕೊಲಸ್ ಮೇಲೆ ರೇಗುವಾಗ ಆಡೋದು ತಾನು ದ್ವೇಷಿಸಿದ ಅಪ್ಪನದೇ ಮಾತು.

ಕಪ್ಪುಬಿಳುಪು:

ಮೂರನೇಗಂಟೆ ಸರ್, ಮಗನನ್ನು ಹೊರಗಿಂದ ನೋಡೋದು ಉದ್ದೇಶ ಅನ್ನೋದು ಒಪ್ಪಿದೆ. ಆದರೆ ಸಿನಿಮಾ ಆ ನಿಯಮವನ್ನು ತಾನೇ ಮುರಿಯುತ್ತಲ್ಲ. ಅಪ್ಪನಿಗೆ ಗೊತ್ತಾಗದ್ದು ನಮಗೂ ಗೊತ್ತಾಗಬಾರದು ಅಂದರೆ, ತಿರುಗ್ತಿರೋ ವಾಷಿಂಗ್ ಮೆಷಿನ್ ಮೇಲೆ ಕ್ಯಾಮೆರಾ ಅಷ್ಟು ಹೊತ್ತು ನಿಂತು, ಅದರ ಹಿಂದಿರೋ ಬಂದೂಕನ್ನು ನಮಗೆ ಯಾಕೆ ತೋರಿಸಬೇಕು? ಅದು ಅಪ್ಪನ ನೋಟ ಅಲ್ಲ, ಮಗನದೂ ಅಲ್ಲ. ಅದು ನಿರ್ದೇಶಕರ ಬೆರಳು. ಅಲ್ಲಿಂದ ಮುಂದೆ ಪ್ರೇಕ್ಷಕ ಹುಡುಗನ ಬಗ್ಗೆ ಯೋಚಿಸಲ್ಲ, ಯಾವಾಗ ಆಗುತ್ತೆ ಅಂತ ಕಾಯ್ತಾನೆ. ಬೇಸರ ತರಿಸೋದು ಇದು. ಕಾಯಿಲೆಯ ಕಥೆ ಥ್ರಿಲ್ಲರ್‌ನ ಲೆಕ್ಕಾಚಾರಕ್ಕೆ ಬಿತ್ತು.

ಕೊನೆಯ ಭಾಗವೂ ಹಾಗೇ. ವರ್ಷಗಳು ಕಳೆದು ನಿಕೊಲಸ್ ಮನೆಗೆ ಬರ್ತಾನೆ, ತಾನು ಬರೆದ ಪುಸ್ತಕ ಅಪ್ಪನ ಕೈಗಿಡ್ತಾನೆ, ಆಮೇಲೆ ನೋಡಿದರೆ ಅದೆಲ್ಲ ಪೀಟರ್‌ನ ಕಲ್ಪನೆ. 'ದಿ ಫಾದರ್'ನಲ್ಲಿ ಇಂಥ ಮೋಸಕ್ಕೆ ಕಾರಣ ಇತ್ತು, ಮುದುಕನ ಮನಸ್ಸೇ ಹಾಗೆ ಕೆಲಸ ಮಾಡ್ತಿತ್ತು. ಇಲ್ಲಿ ಅದೇ ತಂತ್ರ ಒಂದು ಸಲ, ಅದೂ ಅತ್ಯಂತ ನೋವಿನ ಜಾಗದಲ್ಲಿ. ಆದರೆ ಜಾಕ್‌ಮನ್ ಆ ಕ್ಷಣದಲ್ಲಿ ಕುಸಿಯೋದು ನಿಜವಾದ ನಟನೆ. ಗೋಲ್ಡನ್ ಗ್ಲೋಬ್ ನಾಮನಿರ್ದೇಶನ ಸುಮ್ಮನೆ ಬಂದಿದ್ದಲ್ಲ.

ಎರಡೂ ಸಿನಿಮಾ ತೋರಿಸೋದಾದರೆ ಬೆನ್ನಿಗೇ ಹಾಕಬೇಡಿ, ಕನಿಷ್ಠ ಒಂದು ವಾರ ಬಿಡಿ. 'ದಿ ಫಾದರ್'ನ ಗುಂಗಲ್ಲಿ ನೋಡಿದರೆ ಎರಡನೆಯದಕ್ಕೆ ನ್ಯಾಯ ಸಿಗಲ್ಲ.

ಹೊರರೋಗಿವಿಭಾಗ:

ನಿಮ್ಮ ಎರಡನೇ ಪ್ರಶ್ನೆಗೆ. ಕಾಯಿಲೆಯ ಚಿತ್ರಣದಲ್ಲಿ ಸರಿ ಇರೋದು ಹೆಚ್ಚು. ನಿಕೊಲಸ್ ಒಂದು ತಿಂಗಳು ಶಾಲೆಗೆ ಹೋಗಿರಲ್ಲ, ಮನೆಯಲ್ಲಿ ಗೊತ್ತೇ ಆಗಿರಲ್ಲ. ಕೈಗೆ ಗಾಯ ಮಾಡ್ಕೊಂಡಿರ್ತಾನೆ. ಅಪ್ಪನ ಪ್ರಶ್ನೆ ಪ್ರತಿ ಸಲ "ಯಾಕೆ?" ಅಂತಲೇ. ಖಿನ್ನತೆಯಲ್ಲಿರೋ ಹುಡುಗನ ಹತ್ತಿರ ಅದಕ್ಕೆ ಉತ್ತರ ಇರಲ್ಲ, ಉತ್ತರ ಇಲ್ಲ ಅನ್ನೋದೇ ಇನ್ನೊಂದು ಅಪರಾಧಭಾವ ಆಗುತ್ತೆ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೆಟ್ಟಗೆ, ಮೆಲ್ಲಗೆ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು ನಂಬಿಕೆ.

ಆಸ್ಪತ್ರೆ ದೃಶ್ಯದಲ್ಲಿ ಡಾಕ್ಟರು ಈಗ ಕರ್ಕೊಂಡು ಹೋಗೋದು ಅಪಾಯ ಅಂತ ಸ್ಪಷ್ಟವಾಗಿ ಹೇಳ್ತಾರೆ. ಮಗ ಅಂಗಲಾಚ್ತಾನೆ, ಅಪ್ಪ ಅಮ್ಮನ ಕರುಳು ತಡೆಯಲ್ಲ, ಮನೆಗೆ ಕರ್ಕೊಂಡು ಬರ್ತಾರೆ. ಇದು ಪರದೇಶದ ಕಥೆ ಅಂತ ಯಾರೂ ಅಂದುಕೊಳ್ಳೋದು ಬೇಡ. ನಮ್ಮ ಮಾನಸಿಕ ಆರೋಗ್ಯ ಕಾಯ್ದೆ, 2017ರ 87ನೇ ಸೆಕ್ಷನ್ ಪ್ರಕಾರ 18 ತುಂಬದವರನ್ನು ದಾಖಲು ಮಾಡೋಕೆ ನಾಮನಿರ್ದೇಶಿತ ಪ್ರತಿನಿಧಿ, ಸಾಮಾನ್ಯವಾಗಿ ಅಪ್ಪ ಅಥವಾ ಅಮ್ಮ, ಅರ್ಜಿ ಕೊಡಬೇಕು. ಅವರೇ ಬಿಡುಗಡೆ ಕೇಳಿದರೆ ಬಿಡಬೇಕಾಗುತ್ತೆ. ಡಾಕ್ಟರ ಮುಂದೆ ಕೂತ ಆ ಅಪ್ಪ ಅಮ್ಮನ ಸಂಕಟ ಇಲ್ಲೂ ಅದೇ.

ಸಿನಿಮಾ ನುಂಗಿಬಿಟ್ಟಿರೋದು ಬಿಡುಗಡೆ ಆದ ಮೇಲಿನ ಕೆಲಸವನ್ನು. ಮನೋರೋಗ ವಾರ್ಡಿನಿಂದ ಮನೆಗೆ ಬಂದ ಮೊದಲ ವಾರ, ಮೊದಲ ಮೂರು ತಿಂಗಳು ಅತಿ ಹೆಚ್ಚು ಅಪಾಯದ ಕಾಲ. ಹುಡುಗ ಮನೆ ಬಾಗಿಲು ದಾಟೋ ಮೊದಲೇ ಅಪಾಯದ ವಸ್ತು ಹೊರಗೆ ಹೋಗಿರಬೇಕು. ಪೀಟರ್‌ನ ಮನೆಯಲ್ಲಿ ಅದು ಅವನ ಅಪ್ಪ ಕೊಟ್ಟ ಬಂದೂಕು, ನಮ್ಮಲ್ಲಿ ಮಾತ್ರೆಯ ಡಬ್ಬಿ, ತೋಟಕ್ಕೆ ತಂದಿಟ್ಟ ಔಷಧಿ. ಕೊಡೋ ಮಾತ್ರೆಯೂ ಒಂದು ವಾರದ್ದಷ್ಟೇ ಮನೆಯಲ್ಲಿರಲಿ, ಅದೂ ದೊಡ್ಡವರ ಕೈಯಲ್ಲಿ. ಮೊದಲ ವಾರದೊಳಗೇ ಮರುಭೇಟಿಯ ದಿನ ಬರೆಸ್ಕೊಂಡು ಬರಬೇಕು. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡೋಕೆ ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಆರಂಭದಲ್ಲಿ ಹದಿಹರೆಯದವರ ಮೇಲೆ ವಿಶೇಷ ನಿಗಾ ಇಡಬೇಕು. ಜೊತೆಗೆ ಒಂದು ಸುರಕ್ಷತಾ ಯೋಜನೆ: ಕೆಟ್ಟ ಯೋಚನೆ ಬರ್ತಿದೆ ಅನ್ನೋದರ ಸೂಚನೆಗಳು, ಒಬ್ಬನೇ ಮಾಡಬಹುದಾದ್ದು, ಹೋಗಿ ಕೂರಬಹುದಾದ ಜಾಗ, ಯಾರಿಗೆ ಫೋನು, ಯಾವ ಡಾಕ್ಟರು. ಹುಡುಗನೇ ತನ್ನ ಮಾತಲ್ಲಿ ಬರೆದು ಜೇಬಲ್ಲಿಟ್ಕೊಳ್ಳೋ ಹಾಳೆ ಅದು.

ಕೊನೆಯಲ್ಲಿ ನಿಕೊಲಸ್ ಶಾಂತವಾಗಿ ಟೀ ಮಾಡ್ತಾನೆ, ಇಬ್ಬರ ಹತ್ತಿರವೂ ಪ್ರೀತಿಯ ಮಾತಾಡ್ತಾನೆ. ಅಪ್ಪ ಅಮ್ಮ ಹಗುರಾಗ್ತಾರೆ. ಇದ್ದಕ್ಕಿದ್ದ ಹಾಗೆ ಬರೋ ಆ ಸಮಾಧಾನವನ್ನು ಗುಣ ಆಯ್ತು ಅಂತ ಓದಬಾರದು. ಚರ್ಚೆಯಲ್ಲಿ ಬೇರೇನು ಬಿಟ್ಟರೂ ಇದನ್ನು ಬಿಡಬೇಡಿ.

ಪ್ರೊಜೆಕ್ಟರ್ಕಿಂಡಿ:

ತಯಾರಿ ವಿಷಯ. ಅವಧಿ 123 ನಿಮಿಷ. ಮಧ್ಯಂತರ ಕೊಡಬೇಡಿ, ಆದರೆ ಬಾಗಿಲ ಹತ್ತಿರದ ಎರಡು ಸಾಲು ಖಾಲಿ ಬಿಡಿ. ಎದ್ದು ಹೋಗಬೇಕು ಅನ್ನಿಸಿದವರು ಯಾರನ್ನೂ ದಾಟದೆ ಹೋಗಬೇಕು. ಹೊರಗೆ ಒಬ್ಬರು ನಿಂತಿರಲಿ. ಹುಡುಗರೊಬ್ಬರು ಒಂಟಿಯಾಗಿ ಎದ್ದು ಬಂದರೆ ಅವರ ಜೊತೆ ಕೂತ್ಕೊಳ್ಳಿ, ಬೋಧನೆ ಬೇಡ.

ಎಚ್ಚರಿಕೆಯನ್ನು ಪೋಸ್ಟರ್‌ನಲ್ಲೇ ಹಾಕಿ: "ಹದಿಹರೆಯದವನ ಆತ್ಮಹತ್ಯೆಯ ಕಥೆ ಇದೆ" ಅಂತ ನೇರವಾಗಿ. "ಸೂಕ್ಷ್ಮ ವಿಷಯ" ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗಲ್ಲ. ವಯಸ್ಸಿನ ದರ್ಜೆ ಅಮೆರಿಕದಲ್ಲಿ ಇದಕ್ಕೆ ಪಿಜಿ-13 (13 ತುಂಬದವರ ಬಗ್ಗೆ ಪೋಷಕರಿಗೆ ಎಚ್ಚರಿಕೆ), ಬ್ರಿಟನ್‌ನಲ್ಲಿ 15 (15 ತುಂಬದವರಿಗಲ್ಲ). ಪಿಯುಸಿಯವರು ಅಪ್ಪ ಅಮ್ಮನ ಜೊತೆ ಬರಲಿ. ಸಾವು ತೆರೆ ಮೇಲೆ ಕಾಣಲ್ಲ, ಪಕ್ಕದ ಕೋಣೆಯಿಂದ ಶಬ್ದ ಮಾತ್ರ. ಅದು ಜೋರಾಗೇ ಇದೆ, ಹಿಂದಿನ ದಿನವೇ ಆ ಭಾಗ ಹಾಕಿ ನೋಡಿ ಧ್ವನಿ ಹೊಂದಿಸಿ. ಇನ್ನೊಂದು, ಮನೆಯ ಓಟಿಟಿ ಚಂದಾದಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿ ಇರಲ್ಲ, ಹಕ್ಕುದಾರರಿಂದ ಬೇರೆಯಾಗಿ ತಗೋಬೇಕು. ವಾರಗಟ್ಟಲೆ ಹಿಡಿಯುತ್ತೆ, ಇವತ್ತೇ ಬರೆಯಿರಿ.

ಸಿನಿಮಾ ಮುಗಿದ ತಕ್ಷಣ ಮೈಕ್ ಕೊಡಬೇಡಿ. ಹೆಸರುಗಳು ಪೂರ್ತಿ ಓಡಲಿ, ದೀಪ ಮೆಲ್ಲಗೆ ಬರಲಿ, ಹತ್ತು ನಿಮಿಷ ಚಹಾ. ಆಮೇಲೆ ಚರ್ಚೆ. ಅದನ್ನು ನಡೆಸೋರ ಪಕ್ಕ ಮಾನಸಿಕ ಆರೋಗ್ಯದ ಒಬ್ಬ ವೃತ್ತಿಪರರು ಇರಲೇಬೇಕು. ಬಾಗಿಲಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ದೊಡ್ಡದಾಗಿ ಅಂಟಿಸಿ. 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ.

ತೆರೆಯಾಚೆ:

ಎಲ್ಲರಿಗೂ ಧನ್ಯವಾದ. ಇನ್ನೊಂದೇ ಅನುಮಾನ. ಚರ್ಚೆಯಲ್ಲಿ ಯಾರಾದರೂ "ವಿಚ್ಛೇದನದಿಂದಲೇ ಹೀಗಾಯ್ತು, ಅಪ್ಪನದೇ ತಪ್ಪು" ಅಂತ ಶುರು ಮಾಡೇ ಮಾಡ್ತಾರೆ. ಏನು ಹೇಳೋದು?

ಹೊರರೋಗಿವಿಭಾಗ:

ಆತ್ಮಹತ್ಯೆಗೆ ಒಂದೇ ಕಾರಣ ಅಂತ ಇರಲ್ಲ ಅಂತ ಹೇಳಿ, ಮಾತನ್ನು ದೃಶ್ಯಕ್ಕೆ ತನ್ನಿ. "ಯಾರ ತಪ್ಪು" ಬದಲು "ಯಾವ ಯಾವ ಜಾಗದಲ್ಲಿ ಬೇರೆ ಏನು ಮಾಡಬಹುದಿತ್ತು" ಅಂತ ಕೇಳಿ. ಬಂದೂಕು ಮನೆಯಲ್ಲಿದೆ ಅಂತ ಗೊತ್ತಿದ್ದೂ ಯಾರ ಬಾಯಲ್ಲೂ ಬರದೇ ಹೋದ ದೃಶ್ಯಗಳನ್ನೇ ಜನ ಒಂದೊಂದಾಗಿ ಎಣಿಸ್ತಾರೆ. ತಮ್ಮವರನ್ನು ಹೀಗೆ ಕಳೆದುಕೊಂಡವರು ಆ ಸಭೆಯಲ್ಲೇ ಕೂತಿರಬಹುದು, ಅದಕ್ಕೇ "ತಪ್ಪಿಸಬಹುದಿತ್ತು" ಅನ್ನೋ ಮಾತು ಪೀಟರ್ ಬಗ್ಗೆ ಮಾತ್ರ ಇರಲಿ. ವಿಧಾನದ ವಿವರಕ್ಕೆ ಯಾರಾದರೂ ಇಳಿದರೆ ಅಲ್ಲೇ ತಡೆಯಿರಿ.