ನಿಟಿನಾಲ್ ಸ್ಪ್ರಿಂಗ್ ಬಿಸಿಗೆ ಕಿಂಡಿ ತೆಗೆಯುತ್ತೆ, ರಾತ್ರಿ ಮುಚ್ಚಲ್ಲ. ಕೆಟ್ಟಿದೆಯಾ?

ಶಿಡ್ಲಘಟ್ಟ ಹುಳುಮನೆ:
ನಮಸ್ಕಾರ. ನಮ್ಮದು ರೇಷ್ಮೆ ಹುಳು ಮನೆ. ಮಧ್ಯಾಹ್ನ ಕಾವು ಏರಿದಾಗ ಮೇಲಿನ ಗಾಳಿಕಿಂಡಿ ತಾನೇ ತೆರೆದುಕೊಳ್ಳಲಿ ಅಂತ ರೆಡಿ ನಿಟಿನಾಲ್ (ಬಿಸಿಯಾದರೆ ಮೊದಲಿನ ಆಕಾರಕ್ಕೆ ಮರಳುವ ನಿಕ್ಕಲ್–ಟೈಟೇನಿಯಂ ಲೋಹ) ಸ್ಪ್ರಿಂಗ್ ತರಿಸಿ ಹಾಕಿದೆ. ಚೀಟಿಯಲ್ಲಿ ‘ಎ.ಎಫ್. 30 ಡಿಗ್ರಿ’ ಅಂತಿದೆ. ಬಿಸಿಯಾದರೆ ಸ್ಪ್ರಿಂಗ್ ಕುಗ್ಗಿ ಮುಚ್ಚಳ ಎತ್ತುತ್ತೆ, ತಣ್ಣಗಾದರೆ ಮುಚ್ಚಳದ ಭಾರಕ್ಕೇ ಜಗ್ಗಬೇಕು. ಎತ್ತೋದು ಚೆನ್ನಾಗಿ ಎತ್ತುತ್ತೆ. ರಾತ್ರಿ ಒಳಗೆ 20ಕ್ಕೆ ಇಳಿದರೂ ಮುಚ್ಚಲ್ಲ. ಮೊನ್ನೆ ನಾಲ್ಕನೇ ಜ್ವರದಿಂದ (ಪೊರೆ ಬಿಡೋ ಹಂತ) ಎದ್ದ ಹುಳುಗಳಿಗೆ ಹಾಕಿದ ಸೊಪ್ಪು ಬೆಳಗ್ಗೆ ಹೊತ್ತಿಗೆ ಗಾಳಿಗೆ ಬಾಡಿ ಹೋಗಿತ್ತು. ಏನು ಮಾಡಲಿ?

ಕೋಲಾರ ಮೇಷ್ಟ್ರು:
ಬಿಚ್ಚಿ ಐಸ್ ನೀರಲ್ಲಿ ಎರಡು ನಿಮಿಷ ಅದ್ದಿ, ಕೈಯಲ್ಲಿ ಎಳೆದು ನೋಡಿ. ಆಮೇಲೆ ಬಿಸಿನೀರಿಗೆ ಹಾಕಿ.

ಶಿಡ್ಲಘಟ್ಟ ಹುಳುಮನೆ:
ನೋಡಿದೆ ಸಾರ್. ಐಸ್ ನೀರಲ್ಲಿ ಸೀಸದ ತಂತಿ ಥರ ಮೆತ್ತಗಾಯ್ತು, ಎಳೆದಷ್ಟಕ್ಕೆ ನಿಂತಿತು. ಬಿಸಿನೀರಿಗೆ ಬಿಟ್ಟ ತಕ್ಷಣ ಚಟ್ ಅಂತ ಸೇರಿಕೊಂಡಿತು.

ಕೋಲಾರ ಮೇಷ್ಟ್ರು:
ಹಾಗಾದರೆ ಸ್ಪ್ರಿಂಗ್ ಕೆಟ್ಟಿಲ್ಲ, ನಿಮ್ಮ ಕೆಲಸಕ್ಕೆ ಹೊಂದಲ್ಲ ಅಷ್ಟೆ. ಎ.ಎಫ್. ಅಂದರೆ ಬಿಸಿಯಾಗುವಾಗ ಲೋಹ ಆಸ್ಟೆನೈಟ್ ಅನ್ನೋ ಗಟ್ಟಿ ರೂಪಕ್ಕೆ ತಿರುಗಿ ಮುಗಿಯುವ ಉಷ್ಣಾಂಶ. ತಣಿಯುವಾಗ ಮಾರ್ಟೆನ್ಸೈಟ್ ಅನ್ನೋ ಮೆತ್ತನೆಯ ರೂಪ ಆಗೋದು ಅದೇ 30ಕ್ಕಲ್ಲ. ಬರೀ ನಿಕ್ಕಲ್–ಟೈಟೇನಿಯಂ ತಂತಿಯಲ್ಲಿ ಹೋಗುವ ದಾರಿಗೂ ಬರುವ ದಾರಿಗೂ ಸುಮಾರು 30 ಡಿಗ್ರಿ ಅಂತರ. ನಿಮ್ಮದು ಪೂರ್ತಿ ಮೆತ್ತಗಾಗಲು ಸೊನ್ನೆಯ ಹತ್ತಿರ ಇಳಿಯಬೇಕು. ನಮ್ಮ ಕಡೆ ಮಾಗಿಯಲ್ಲೂ ಅಷ್ಟು ಚಳಿ ಎಲ್ಲಿ?

ತುಮಕೂರು ಲೇತ್:
ನಿಕ್ಕಲ್ ಸ್ವಲ್ಪ ಕಮ್ಮಿ ಇರೋ ತಂತಿ ತಂದ್ರೆ ಆಗಲ್ವಾ? ಇಲ್ಲಾ ಇದನ್ನೇ ಫರ್ನೇಸಲ್ಲಿ ಮತ್ತೆ ಕಾಯಿಸಿದ್ರೆ?

ಕೋಲಾರ ಮೇಷ್ಟ್ರು:
ಅದು ಮಂಚ ಜರುಗಿಸಿದ ಹಾಗೆ. ತಲೆಕಡೆ, ಕಾಲ್ಕಡೆ ಒಟ್ಟಿಗೇ ಹೋಗುತ್ತೆ, ಮಂಚದ ಉದ್ದ ಕಮ್ಮಿಯಾಗಲ್ಲ. ನಿಕ್ಕಲ್ ಪರಮಾಣು ಶೇಕಡಾ 50ಕ್ಕಿಂತ ಮೇಲೆ ಬರೀ 0.1 ಏರಿದರೂ ಉಷ್ಣಾಂಶ ಸುಮಾರು 10 ಡಿಗ್ರಿ ಬೀಳುತ್ತೆ, ಅಷ್ಟು ಸೂಕ್ಷ್ಮ. ನಿಕ್ಕಲ್ ಹೆಚ್ಚಿರುವ ತಂತಿಯನ್ನು 450 ಡಿಗ್ರಿ ಆಸುಪಾಸು ಕಾಯಿಸಿದರೆ ನಿಕ್ಕಲ್ ಭರಿತ ಸಣ್ಣ ಕಣಗಳು ಕಟ್ಟಿಕೊಂಡು ಉಳಿದ ಲೋಹದಲ್ಲಿ ನಿಕ್ಕಲ್ ಕಮ್ಮಿಯಾಗುತ್ತೆ, ಎ.ಎಫ್. ಮೇಲೆ ಹೋಗುತ್ತೆ. ನಿಮಗೆ ಬೇಕಾದ್ದು ಅಂತರವೇ ಕಿರಿದಾಗೋದು.

ಅದಕ್ಕೆ ತಾಮ್ರ. ನಿಕ್ಕಲ್ ಜಾಗದಲ್ಲಿ ಶೇಕಡಾ 5ರಿಂದ 10 ತಾಮ್ರ ಸೇರಿದರೆ ಅಂತರ 10–15 ಡಿಗ್ರಿಗೆ ಇಳಿಯುತ್ತೆ. ನಿಕ್ಕಲ್ ಪ್ರಮಾಣದ ಸೂಕ್ಷ್ಮತೆಯೂ ತಗ್ಗುತ್ತೆ. ತಣ್ಣಗಿದ್ದಾಗ ಜಗ್ಗಲು ಕಮ್ಮಿ ಬಲ ಸಾಕು, ನಿಮ್ಮ ಹಗುರ ಮುಚ್ಚಳಕ್ಕೆ ಅದೇ ಮುಖ್ಯ. ಶೇಕಡಾ 10 ದಾಟಿದರೆ ಲೋಹ ಪೆಡಸಾಗಿ ತಂತಿ ಎಳೆಯೋದೇ ಕಷ್ಟ. ತರಿಸುವಾಗ ಎ.ಎಫ್. ಒಂದನ್ನೇ ನಂಬಬೇಡಿ, ಎಂ.ಎಫ್. (ತಣಿಯುವಾಗ ಮಾರ್ಟೆನ್ಸೈಟ್ ಆಗಿ ಮುಗಿಯುವ ಉಷ್ಣಾಂಶ) ಎಷ್ಟು ಅಂತಲೂ ಬರೆಸಿಕೊಳ್ಳಿ.

ತುಮಕೂರು ಲೇತ್:
ಪೈಪ್ ಜೋಡಿಸೋ ಕಪ್ಲಿಂಗಿಗೂ ಇದೇ ತಾಮ್ರದ್ದಾ ಸಾರ್?

ಕೋಲಾರ ಮೇಷ್ಟ್ರು:
ಅಲ್ಲಿ ಲೆಕ್ಕ ತಿರುಗುಮುರುಗು, ಅಂತರ ದೊಡ್ಡದಿರಬೇಕು. ಅದಕ್ಕೆ ನಿಯೋಬಿಯಂ. ಎಫ್-14 ಯುದ್ಧವಿಮಾನದ ಹೈಡ್ರಾಲಿಕ್ ಪೈಪುಗಳಿಗೆ ಹಾಕಿದ ಕಬ್ಬಿಣ ಬೆರೆತ ಕಪ್ಲಿಂಗನ್ನು ದ್ರವ ಸಾರಜನಕದಲ್ಲೇ ಇಟ್ಟಿರಬೇಕಿತ್ತು, ಹೊರಗೆ ತೆಗೆದರೆ ಕುಗ್ಗಿಬಿಡುತ್ತಿತ್ತು. ನಿಯೋಬಿಯಂ ಬೆರೆತದ್ದನ್ನು ತಣ್ಣಗಿರುವಾಗ ಹಿಗ್ಗಿಸಿಟ್ಟರೆ ಸಾಮಾನ್ಯ ಗೋಡೌನಲ್ಲೇ ಇಡಬಹುದು, ಜೋಡಿಸುವಾಗ ಕಾಯಿಸಿದರಾಯಿತು. ಹ್ಯಾಫ್ನಿಯಂ, ಜಿರ್ಕೋನಿಯಂ ಉಷ್ಣಾಂಶವನ್ನು 100 ದಾಟಿಸೋಕೆ. ನಮ್ಮ ಹುಳುಮನೆಗೆ ಅವೇನೂ ಬೇಡ.

ಶಿಡ್ಲಘಟ್ಟ ಹುಳುಮನೆ:
ತಾಮ್ರದ ಸ್ಪ್ರಿಂಗ್ ಬಂತು ಸಾರ್. ಕಟ್ಟುವ ಮೊದಲು ಮುಚ್ಚಳದಷ್ಟು ಭಾರ ಕಟ್ಟಿ ಪಾತ್ರೆ ನೀರಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ. 31ಕ್ಕೆ ಪೂರ್ತಿ ಎತ್ತಿತು, ಇಳಿದು ಮುಗಿದಿದ್ದು 18ಕ್ಕೆ. ಇನ್ನೂ ಸಾಲದು.

ಕೋಲಾರ ಮೇಷ್ಟ್ರು:
ಮುಚ್ಚಳಕ್ಕೆ ಸ್ವಲ್ಪ ಭಾರ ಸೇರಿಸಿ. ಎಳೆತ ಹೆಚ್ಚಾದರೆ ಎರಡೂ ಉಷ್ಣಾಂಶ ಮೇಲೆ ಜರುಗುತ್ತೆ. ಅತಿ ಮಾಡಬೇಡಿ, ಸ್ಪ್ರಿಂಗ್ ಬೇಗ ಸೋಲುತ್ತೆ.

ಶಿಡ್ಲಘಟ್ಟ ಹುಳುಮನೆ:
ಎರಡು ನಟ್ಟು ಕಟ್ಟಿದೆ. ಈಗ 33ಕ್ಕೆ ತೆರೆಯುತ್ತೆ, 21ಕ್ಕೆ ಮುಚ್ಚಿರುತ್ತೆ. ನಿನ್ನೆ ರಾತ್ರಿ ಹತ್ತಕ್ಕೆ ಸೊಪ್ಪು ಹಾಕಿ ಬಂದೆ, ಬೆಳಗ್ಗೆ ಐದಕ್ಕೆ ನೋಡಿದರೆ ಕಿಂಡಿ ಮುಚ್ಚಿತ್ತು, ಉಳಿದ ಸೊಪ್ಪು ಇನ್ನೂ ಹಸಿಯಾಗೇ ಇತ್ತು.