ಮದುವೆ ವಿಸಿಡಿ, ಡಿವಿಡಿಗಳನ್ನು ಐಎಸ್‌ಒ ಮಾಡಿಡಬೇಕಾ, ಫೈಲ್ ಕಾಪಿ ಸಾಕಾ?

ಮಳೆಗಾಲ: ಅಮ್ಮನ ಟ್ರಂಕಿನಲ್ಲಿ 14 ಡಿಸ್ಕ್ ಸಿಕ್ಕಿವೆ. ಅಕ್ಕನ ಮದುವೆ 2004ರದ್ದು, ಮೂರು ವಿಸಿಡಿ. ಅಣ್ಣನ ಮದುವೆ 2010ರದ್ದು, ಎರಡು ಡಿವಿಡಿ. ಉಳಿದವು ಫೋಟೊ ಸಿಡಿ. ತೀರ್ಥಹಳ್ಳಿ ಮಳೆ ಗೊತ್ತಲ್ಲ, ಕವರ್ ಒಳಗೆಲ್ಲ ಬೂಷ್ಟು. ಲ್ಯಾಪ್‌ಟಾಪಿಗೆ ಡ್ರೈವ್ ಇಲ್ಲ ಅಂತ ಯುಎಸ್‌ಬಿ ಡಿವಿಡಿ ರೈಟರ್ ತಂದೆ. ಆಫೀಸಿನ ಗೆಳತಿ "ಎಲ್ಲವನ್ನೂ ಐಎಸ್‌ಒ ಮಾಡಿಡು" ಅಂತಾಳೆ. ನಮ್ಮನೆಯವರು "ಫೈಲ್ ಕಾಪಿ ಮಾಡ್ಕೊಂಡ್ರೆ ಆಯ್ತು, ಅದ್ಯಾವ ಇಮೇಜು" ಅಂತಾರೆ. ಯಾವುದು ಸರಿ? ಅಕ್ಕನ ಎರಡನೇ ವಿಸಿಡಿ ಧಾರೆಗೆ ಸರಿಯಾಗಿ ಸ್ವಲ್ಪ ಮೊದಲು ನಿಂತುಬಿಡುತ್ತೆ. ಅಮ್ಮನಿಗೆ ಅದೇ ಬೇಕು.

ಭಟ್ರು: ಐಎಸ್‌ಒ ಮಾಡಿ, ಯೋಚನೆ ಬೇಡ. ಡಿಸ್ಕಿನಲ್ಲಿರೋದನ್ನು ಮೊದಲ ಸೆಕ್ಟರಿನಿಂದ (ಸೆಕ್ಟರ್ ಅಂದರೆ ಡಿಸ್ಕಿನ ಒಂದು ಸಣ್ಣ ತುಂಡು) ಕೊನೇವರೆಗೆ ಹಾಗೇ ಇಳಿಸಿ ಒಂದೇ ಫೈಲಿಗೆ ಕಟ್ಟಿಡೋದು, ಅಷ್ಟೆ. ವಿಂಡೋಸ್ 8ರಿಂದ ಈಚೆಗೆ ಬೇರೆ ಸಾಫ್ಟ್‌ವೇರೂ ಬೇಡ. ಐಎಸ್‌ಒ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಹೊಸ ಡ್ರೈವ್ ಅಕ್ಷರ ಬರುತ್ತೆ, ನಿಜವಾದ ಡಿಸ್ಕ್ ಹಾಕಿದ ಹಾಗೇ ತೆರೆಯುತ್ತೆ. ಡಿವಿಡಿಯ ಮೆನುವೂ ಉಳಿಯುತ್ತೆ. "ನಿಶ್ಚಿತಾರ್ಥ", "ಮುಹೂರ್ತ" ಅಂತ ಹೂವಿನ ಚೌಕಟ್ಟಿನ ಬಟನ್ ಇರ್ತಿತ್ತಲ್ಲ, ಅದು.

ಸುಮ್ನೆ ಓದುವವ: ಆ ಹೂವಿನ ಮೆನು ಯಾರಿಗೆ ಬೇಕು ಭಟ್ರೇ? ಅಮ್ಮ ನೋಡೋದು ಟಿವಿಯಲ್ಲಿ. ಟಿವಿಗೆ ಪೆನ್‌ಡ್ರೈವ್ ಚುಚ್ಚಿ ಐಎಸ್‌ಒ ಒತ್ತಿದರೆ ನಮ್ಮನೇಲಿ "ಈ ಫೈಲ್ ಆಗಲ್ಲ" ಅಂತ ಬರುತ್ತೆ. ಎಂಪಿ4 ಮಾಡಿ, ಡಿಸ್ಕ್ ಎಸೆಯಿರಿ. ನಾನು ಮಾಡಿದ್ದು ಅದೇ.

ಭಟ್ರು: ಎಂಪಿ4 ಅಂದರೆ ಝೆರಾಕ್ಸಿನ ಝೆರಾಕ್ಸ್. ಡಿವಿಡಿಯಲ್ಲಿರೋದು ಆಗಲೇ ಒಮ್ಮೆ ಹಿಂಡಿದ ವಿಡಿಯೊ, ಅದನ್ನು ಮತ್ತೆ ಹಿಂಡ್ತೀರಿ. ಆ ಕಾಲದ ಮದುವೆ ಡಿವಿಡಿ ಬಹುತೇಕ ಇಂಟರ್‌ಲೇಸ್ಡ್. ಒಂದು ಗೆರೆ ಬಿಟ್ಟು ಒಂದು ಗೆರೆಯಂತೆ ಅರ್ಧರ್ಧ ಚಿತ್ರ ಜೋಡಿಸಿದ್ದು. ಡಿಇಂಟರ್‌ಲೇಸ್ ಆಯ್ಕೆ ಹಾಕದೆ ಕನ್ವರ್ಟ್ ಮಾಡಿದರೆ ಯಾರಾದರೂ ಕೈ ಎತ್ತಿದ ತಕ್ಷಣ ಅಂಚೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತೆ. ಅಕ್ಷತೆ ಹಾಕುವ ದೃಶ್ಯ ನೋಡಿ, ಪೂರ್ತಿ ಬಾಚಣಿಗೆ. ಡಿಸ್ಕ್ ಎಸೆದ ಮೇಲೆ ಅದು ಗೊತ್ತಾದರೆ ಏನ್ಮಾಡ್ತೀರಿ?

ಸುಮ್ನೆ ಓದುವವ: ...ನಮ್ಮದು ಹಾಗೇ ಇದೆ. ಟಿವಿ ಸರಿಯಿಲ್ಲ ಅಂದ್ಕೊಂಡಿದ್ದೆ.

ರಿಪೇರಿ ರಂಗ: ಭಟ್ರ ಮಾತು ಡಿವಿಡಿಗೆ ಸರಿ. ವಿಸಿಡಿಗೆ ಪೂರ್ತಿ ತಪ್ಪು. ವಿಸಿಡಿಯನ್ನು ಐಎಸ್‌ಒ ಮಾಡಬೇಡಿ ಮೇಡಂ.

ಸಿಡಿಯ ಒಂದು ಸೆಕ್ಟರ್ ಅಂದರೆ 2352 ಬೈಟ್. ಸಾಮಾನ್ಯ ಡೇಟಾ ಸಿಡಿಯಲ್ಲಿ ಅದರಲ್ಲಿ 2048 ಮಾತ್ರ ನಮ್ಮ ಮಾಲು, ಉಳಿದಿದ್ದರಲ್ಲಿ ಜಾಸ್ತಿ ಭಾಗ ತಪ್ಪು ತಿದ್ದಿಕೊಳ್ಳೋಕೆ. ಐಎಸ್‌ಒ ಹಿಡಿದುಕೊಳ್ಳೋದು ಆ 2048 ಲೆಕ್ಕವನ್ನೇ. ವಿಸಿಡಿ ಮಾಡಿದವರು ಇನ್ನಷ್ಟು ನಿಮಿಷ ಹಿಡಿಸೋಕೆ ವಿಡಿಯೊ ಭಾಗದಲ್ಲಿ ಆ ತಿದ್ದುವ ಪದರವನ್ನೇ ಬಿಟ್ಟು 2324 ಬೈಟ್ ತುಂಬಿಸಿದರು. ಅದು ಐಎಸ್‌ಒ ಲೆಕ್ಕಕ್ಕೆ ಕೂರಲ್ಲ. ಬಿನ್ ಮತ್ತು ಕ್ಯೂ ಅಂತ ಜೋಡಿ ಫೈಲ್ ಬೇಕು. ಇಮ್ಜ್‌ಬರ್ನ್ ಅನ್ನೋ ಸಾಫ್ಟ್‌ವೇರಿನಲ್ಲಿ "ರೀಡ್" ಕೊಟ್ಟರೆ ಅದೇ ಗುರುತಿಸಿ ಆ ಜೋಡಿ ಮಾಡುತ್ತೆ. ಹಾಡಿನ ಆಡಿಯೊ ಸಿಡಿಗೂ ಇದೇ ಮಾತು. ಫೋಟೊ ಸಿಡಿಗೆ ನಿಮ್ಮ ಯಜಮಾನರ ದಾರಿಯೇ ಸಾಕು, ಸುಮ್ನೆ ಕಾಪಿ ಮಾಡಿ.

ಮಳೆಗಾಲ: ಓಹ್, ಅದಕ್ಕೇನಾ! ಮೊದಲ ವಿಸಿಡಿಯಲ್ಲಿ ಎಂಪಿಇಜಿಎವಿ ಅನ್ನೋ ಫೋಲ್ಡರ್, ಒಳಗೆ ಒಂದೇ ಒಂದು ಡ್ಯಾಟ್ ಫೈಲ್. ಸೈಜ್ 780 ಎಂಬಿಗೂ ಜಾಸ್ತಿ. ಸಿಡಿ ಮೇಲೆ ನೋಡಿದರೆ 700 ಎಂಬಿ ಅಂತ ಬರೆದಿದೆ. ಪಾವಿನ ಪಾತ್ರೆಯಲ್ಲಿ ಸೇರು ಅಕ್ಕಿ ಹೇಗೆ ಹಿಡಿಯಿತು ಅಂತ ನಾವಿಬ್ಬರೂ ತಲೆ ಕೆಡಿಸಿಕೊಂಡು ಕೂತಿದ್ವಿ.

ರಿಪೇರಿ ರಂಗ: ಅದೇ. ವಿಂಡೋಸ್ ಪೂರ್ತಿ 2352 ಲೆಕ್ಕ ತೋರಿಸ್ತಿದೆ. 78 ನಿಮಿಷದ ವಿಡಿಯೊ ಇದ್ದರೆ ಸುಮಾರು ಅಷ್ಟೇ ಬರುತ್ತೆ. ಆ ಡ್ಯಾಟ್ ಫೈಲ್ ವಿಎಲ್‌ಸಿ ಅನ್ನೋ ವಿಡಿಯೊ ಪ್ಲೇಯರಿನಲ್ಲಿ ನೇರ ಓಡುತ್ತೆ, ನೋಡಿ. ಆದರೆ ತಿದ್ದುವ ಪದರ ಇಲ್ಲದ್ದರಿಂದ ಗೀರು ಬಿದ್ದಲ್ಲಿ ಚೌಕ ಚೌಕ ಕಾಣೋದೂ ಜಾಸ್ತಿ.

ಕುಂದಾಪ್ರದ ಹುಡುಗಿ: ಅಕ್ಕಾ, ನಿಲ್ಲುವ ಡಿಸ್ಕಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ನೋಡಿ. ನಮ್ಮ ಮಾವ ಹಾಗೇ ಮಾಡ್ತಿದ್ರು. ಮೇಲಿನ ಸ್ಟಿಕ್ಕರ್ ಬೂಷ್ಟು ಹಿಡಿದಿದ್ದರೆ ಕಿತ್ತುಬಿಡಿ.

ರಿಪೇರಿ ರಂಗ: ಅಯ್ಯೋ, ಸ್ಟಿಕ್ಕರ್ ಮಾತ್ರ ಕೀಳಬೇಡಿ! ಸಿಡಿಯಲ್ಲಿ ಹೊಳೆಯುವ ಪದರ ಇರೋದು ಕೆಳಗಲ್ಲ, ಹೆಸರು ಬರೆಯುವ ಬದಿಯ ಮೆರುಗೆಣ್ಣೆಯ ಕೆಳಗೆ. ಸ್ಟಿಕ್ಕರ್ ಎಳೆದರೆ ಅದೂ ಪಾಪಡದ ಹಾಗೆ ಎದ್ದು ಬರುತ್ತೆ, ಧಾರೆಯೂ ಅದರ ಜೊತೆಗೇ ಹೋಗುತ್ತೆ. ಡಿವಿಡಿಯಲ್ಲಾದರೆ ಆ ಪದರ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರೋದರಿಂದ ಸ್ವಲ್ಪ ಸುರಕ್ಷಿತ. ಟೂತ್‌ಪೇಸ್ಟ್ ಎಲ್ಲಕ್ಕಿಂತ ಕೊನೆಗೆ. ಮೊದಲು ಒದ್ದೆ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಗುಂಡಗೆ ಸುತ್ತಬಾರದು.

ಇನ್ನೊಂದು. ಯುಎಸ್‌ಬಿ ಡ್ರೈವ್ ಎಲ್ಲಿ ಚುಚ್ಚಿದ್ದೀರಿ?

ಮಳೆಗಾಲ: ಹಬ್‌ಗೆ. ಮೌಸ್, ಕೀಬೋರ್ಡ್, ಹಾರ್ಡ್‌ಡಿಸ್ಕ್ ಎಲ್ಲ ಅದಕ್ಕೇ. ತಿರುಗೋಕೆ ಶುರು ಮಾಡಿ ಟಕ್ ಅಂತ ನಿಂತು ಮತ್ತೆ ತಿರುಗುತ್ತೆ.

ರಿಪೇರಿ ರಂಗ: ಹಾಗಾದರೆ ಡ್ರೈವಿಗೆ ಕರೆಂಟ್ ಸಾಲ್ತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ನಾವು ಡಿಸ್ಕಿಗೆ ಪೇಸ್ಟ್ ಹಚ್ಚೋಕೆ ಹೊರಟಿದ್ವಿ. ನೇರ ಲ್ಯಾಪ್‌ಟಾಪಿಗೆ ಹಾಕಿ. ಓದುವ ವೇಗ ಕಡಿಮೆ ಮಾಡಿ. ಆಗಲೂ ಆಗದಿದ್ದರೆ ಬೇರೆ ಡ್ರೈವಿನಲ್ಲಿ ನೋಡಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಭಟ್ರು: ವಿಸಿಡಿ ವಿಷಯದಲ್ಲಿ ತಪ್ಪಿದೆ, ಒಪ್ಪಿದೆ ರಂಗಣ್ಣ. ಡಿವಿಡಿ ಕೈ ಕೊಟ್ಟರೆ ಮಾತ್ರ ನನ್ನ ಹತ್ತಿರ ಬನ್ನಿ. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಅಂತ ಒಂದು ಸಾಫ್ಟ್‌ವೇರ್ ಇದೆ. ಓದಲಾಗದ ಜಾಗಗಳ ಪಟ್ಟಿ ಬರೆದಿಟ್ಟುಕೊಂಡು ಮುಂದೆ ಹೋಗುತ್ತೆ. ಆಮೇಲೆ ಬೇರೆ ಡ್ರೈವ್ ಹಾಕಿ ಅದೇ ಪಟ್ಟಿ ಕೊಟ್ಟರೆ ಆ ತೂತುಗಳನ್ನಷ್ಟೇ ತುಂಬಿಸುತ್ತೆ.

ಮಳೆಗಾಲ: ಎರಡು ದಿನ ಆದ ಮೇಲೆ ಬರೀತಿದ್ದೇನೆ. ನೇರ ಚುಚ್ಚಿದ ಮೇಲೆ 12 ಡಿಸ್ಕ್ ಸಲೀಸಾಗಿ ಬಂದವು. ಒಂದು ಫೋಟೊ ಸಿಡಿ ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣುತ್ತೆ, ಪದರವೇ ಉದುರಿದೆ. ಅದನ್ನು ಬಿಟ್ಟೆ. ಧಾರೆ ಸಿಡಿ ನನ್ನ ಡ್ರೈವಿನಲ್ಲಿ ಕೊನೆಗೂ ಬರಲಿಲ್ಲ. ಭಾವನ ಹಳೇ ಡೆಸ್ಕ್‌ಟಾಪಿನಲ್ಲಿ, ನಿಧಾನ ವೇಗದಲ್ಲಿ, ಪೂರ್ತಿ ಬಂತು. ಮಾಂಗಲ್ಯ ಕಟ್ಟುವಾಗ ಒಂದೆರಡು ಸೆಕೆಂಡ್ ಚೌಕ ಚೌಕ. ಅಮ್ಮ ಅದನ್ನು ಗಮನಿಸಲೇ ಇಲ್ಲ. ಹಿಂದೆ ಪಾನಕದ ತಟ್ಟೆ ಹಿಡಿದು ಹೋಗುವ ಅಜ್ಜನನ್ನು ತೋರಿಸಿ "ನಿಲ್ಸು, ನಿಲ್ಸು" ಅಂದರು.

ಒಂದೇ ತೊಂದರೆ. ಅಣ್ಣನ ಡಿವಿಡಿಯ ಐಎಸ್‌ಒ 4.3 ಜಿಬಿ. 32 ಜಿಬಿ ಪೆನ್‌ಡ್ರೈವ್ ಖಾಲಿಯಿದ್ದರೂ ಫೈಲ್ ದೊಡ್ಡದಾಯ್ತು ಅಂತ ಹೇಳುತ್ತೆ.

ಭಟ್ರು: ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಫಾರ್ಮ್ಯಾಟಿನಲ್ಲಿದೆ. ಅದರಲ್ಲಿ 4 ಜಿಬಿ ಮೀರಿದ ಒಂದೇ ಫೈಲ್ ಕೂರಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಒಳಗಿದ್ದದ್ದನ್ನು ಮೊದಲು ತೆಗೆದಿಟ್ಟುಕೊಳ್ಳಿ. ಇನ್ನೊಂದು ಕಾಪಿ ಬೇರೆ ಹಾರ್ಡ್‌ಡಿಸ್ಕಿನಲ್ಲೂ ಇರಲಿ. ಡಿಸ್ಕ್ ಎಸೆಯಬೇಡಿ.

ಸುಮ್ನೆ ಓದುವವ: ಎಲ್ಲ ಸರಿ ಮೇಡಂ, ಒಂದು ಪ್ರಶ್ನೆ. ಅಮ್ಮ "ನಿಲ್ಸು" ಅಂದಾಗ ಟಿವಿಯಲ್ಲಿ ಓಡ್ತಿದ್ದದ್ದು ಯಾವ ಫೈಲು?

ಮಳೆಗಾಲ: ಎಂಪಿ4. ಭಟ್ರಿಗೆ ಹೇಳ್ಬೇಡಿ.