ಸಹಾಯ ಬೇಕು: ಕಸೂತಿ ಸೀರೆ ಫೋಟೊ ಹಗುರ ಆಗಬೇಕು, ಹೊಲಿಗೆ ಮಸುಕಾಗಬಾರದು

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ನಮ್ಮ ಅತ್ತಿಗೆ ಕಸೂತಿ ಸೀರೆ ಮಾಡಿಸಿ ಮಾರುತ್ತಾರೆ. ವೆಬ್‌ಸೈಟ್ ನಾನು ನೋಡಿಕೊಳ್ಳುತ್ತೇನೆ, ವರ್ಡ್‌ಪ್ರೆಸ್‌ನಲ್ಲಿದೆ. ಮೊಬೈಲ್‌ನಲ್ಲಿ ಪುಟ ತೆರೆಯೋದು ಬಹಳ ನಿಧಾನ. ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಎಲ್‌ಸಿಪಿ (ಪುಟದ ಅತಿ ದೊಡ್ಡ ಭಾಗ ಕಾಣಿಸಲು ಹಿಡಿಯುವ ಸಮಯ) ಕೆಂಪು ತೋರಿಸುತ್ತಿದೆ. ಅದು 2.5 ಸೆಕೆಂಡಿನೊಳಗೆ ಇರಬೇಕಲ್ವಾ?

ಕಾರಣ ಫೋಟೊಗಳೇ. ಫೋನಿನಿಂದ ಬಂದ ಜೆಪೆಗ್ 4000 ಪಿಕ್ಸೆಲ್ ಅಗಲ, ಪರದೆ ಮೇಲೆ ಕಾಣೋದು 400ರಷ್ಟು. ಅಗಲ 1200ಕ್ಕೆ ಇಳಿಸಿ ವೆಬ್‌ಪಿ (ಜೆಪೆಗ್‌ಗಿಂತ ಹಗುರವಾದ ಫೋಟೊ ಫಾರ್ಮ್ಯಾಟ್) ಮಾಡಿದೆ. ಸೀರೆಗಳ ಪಟ್ಟಿ ಇರುವ ಪುಟಕ್ಕೆ ಅದು ಧಾರಾಳ ಸಾಕು.

ತೊಂದರೆ ಇರೋದು ಹತ್ತಿರದಿಂದ ತೆಗೆದ ಫೋಟೊಗಳಲ್ಲಿ. ಕಪ್ಪು ಚಂದ್ರಕಾಳಿ ಸೀರೆ, ಮೇಲೆ ಕೆಂಪು ದಾರದ ಗೋಪುರ. ಕ್ವಾಲಿಟಿ 60ಕ್ಕೆ ಇಳಿಸಿದರೆ ಮುರಗಿ ಹೊಲಿಗೆಯ ಮೆಟ್ಟಿಲು ಗೆರೆ ಕಲಸಿಹೋಗುತ್ತದೆ, ಕೆಂಪು ಬಣ್ಣ ಬಟ್ಟೆಗೆ ಹರಡಿದ ಹಾಗೆ ಕಾಣುತ್ತದೆ. "ಇದು ಪ್ರಿಂಟ್ ಸೀರೆ ಏನ್ರೀ?" ಅಂತ ಗಿರಾಕಿ ಕೇಳಿದರೆ ಅತ್ತಿಗೆಗೆ ಸಿಟ್ಟು ಬರದೆ ಇರುತ್ತಾ!

ಲಾಸಿ ವೆಬ್‌ಪಿ (ಸ್ವಲ್ಪ ವಿವರ ಬಿಟ್ಟು ಹಗುರ ಮಾಡುವ ಬಗೆ) ಬಣ್ಣದ ವಿವರವನ್ನು 4:2:0ಕ್ಕೆ, ಅಂದರೆ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿಗೆ ಇಳಿಸುತ್ತದೆ, ಅದಕ್ಕೇ ಹೀಗಾಗುತ್ತಿದೆ ಅಂತ ನನ್ನ ಅನುಮಾನ. ಎವಿಐಎಫ್ ಅನ್ನೋ ಇನ್ನೊಂದು ಫೋಟೊ ಫಾರ್ಮ್ಯಾಟ್‌ನಲ್ಲಿ 4:4:4, ಅಂದರೆ ಪ್ರತಿ ಪಿಕ್ಸೆಲ್‌ನ ಬಣ್ಣವನ್ನೂ ಇಡಬಹುದು. ಇಂಥ ದಾರದ ಕೆಲಸಕ್ಕೆ ಯಾರಾದರೂ ಬಳಸಿದ್ದೀರಾ? ಕ್ವಾಲಿಟಿ ಎಷ್ಟು ಇಟ್ಟಿರಿ? ಹಳೇ ಫೋನುಗಳಿಗೆ ಪಿಕ್ಚರ್ ಟ್ಯಾಗ್‌ನಲ್ಲಿ (ಒಂದೇ ಫೋಟೊವನ್ನು ಹಲವು ಫಾರ್ಮ್ಯಾಟ್‌ಗಳಲ್ಲಿ ಕೊಡುವ ಎಚ್‌ಟಿಎಂಎಲ್ ಟ್ಯಾಗ್) ಜೆಪೆಗ್ ಕೂಡ ಕೊಡುತ್ತೀರಾ?

ಇನ್ನೊಂದು, ನಮ್ಮ ವರ್ಡ್‌ಪ್ರೆಸ್ ಥೀಮ್, ಪುಟದ ತುದಿಯಲ್ಲಿರುವ ದೊಡ್ಡ ಫೋಟೊಗೂ ಲೇಜಿ ಲೋಡಿಂಗ್ (ಪರದೆ ಹತ್ತಿರ ಬಂದಾಗ ಮಾತ್ರ ಫೋಟೊ ತರಿಸೋದು) ಹಾಕುತ್ತಿದೆ. ಅದೊಂದಕ್ಕೆ ಮಾತ್ರ ತೆಗೆಯೋದು ಹೇಗೆ?

ಸುಮ್ನೆ "ಪ್ಲಗಿನ್ ಹಾಕಿ" ಅನ್ನಬೇಡಿ, ಯಾವ ಸೆಟ್ಟಿಂಗ್ ಅಂತಾನೂ ಹೇಳಿ. ಹುಬ್ಬಳ್ಳಿ-ಧಾರವಾಡದವರಾದರೆ ಲ್ಯಾಪ್‌ಟಾಪ್ ಹಿಡಿದು ನಾನೇ ಬರುತ್ತೇನೆ.